ದಣಿವಿನ ಪಾಲು

ಸಾರಿ-ಬೆಲ್ ಎಂಬ ಬೆಟ್ಟದೂರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಸಾಯ್ರಾಗುಲ್ ಗಣಿತದ ಉಪಾಧ್ಯಾಯಿನಿ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಗಣಿತದ ಜೊತೆಗೆ ಚಿತ್ರಕಲೆ ಆಕೆಯದೇ, ಶಾಲೆಗಿದ್ದ ಒಂದೇ ಒಂದು ಕಂಪ್ಯೂಟರನ್ನು ನಡುವೆ ಇಟ್ಟುಕೊಂಡು ಇಡೀ ತರಗತಿಗೆ ಕಂಪ್ಯೂಟರ್ ಪಾಠ ಹೇಳುವವಳೂ ಆಕೆಯೇ. ಚಳಿಗಾಲದಲ್ಲಿ ಬಾಗಿಲ ಮುಂದಿನ ಹಿಮ ಎತ್ತಬೇಕು, ಆಗಸ್ಟ್ ಬಂದರೆ ಏಣಿಯ ತುದಿಯಲ್ಲಿ ನಿಂತು ಕಿಟಕಿಗಳಿಗೆ ನೀಲಿ ಬಣ್ಣ ಬಳಿಯಬೇಕು, ವಸಂತದ ನೋರುಜ್ ಹಬ್ಬಕ್ಕೆ ಮಕ್ಕಳಿಗೆ ಕುಣಿತ ಕಲಿಸಬೇಕು. ಮುಂದಿನ ವರ್ಷ ಯಾರ ಮನೆಯಿಂದ ಎಷ್ಟು ಮಕ್ಕಳು ಶಾಲೆಗೆ ಬರುತ್ತಾರೆಂದು ನಾಯಿ ಬೊಗಳಿಸಿಕೊಂಡು ಮನೆಮನೆ ಸುತ್ತಬೇಕು. ಇಷ್ಟಕ್ಕೂ ಕಾರಣ ಒಂದೇ: ಶಾಲೆಯಲ್ಲಿ ಎಲ್ಲರಿಗಿಂತ ಚಿಕ್ಕವಳು ಆಕೆ. ವಯಸ್ಸು ಮೂವತ್ತೆಂಟು.

ನಗಬೇಡಿ. ಹದಿನೈದು ವರ್ಷದ ಹಿಂದೆ ಸೇರಿದಾಗ ನಿಜವಾಗಿಯೂ ಚಿಕ್ಕವಳಾಗಿದ್ದಳು. ಆಮೇಲೆ ಯಾರೂ ಸೇರಲೇ ಇಲ್ಲ. ಸೇರಬೇಕೆಂದರೆ ಇದ್ದವರು ಯಾರಾದರೂ ಬಿಡಬೇಕು, ಬಿಡುವವರು ಯಾರು? ಭೂಗೋಳದ ಟೊಕ್ಟೊಕಾನ್ ಏಜೆಗೆ ಅರವತ್ತೊಂಬತ್ತು. ಪಿಂಚಣಿ ಬರಲು ಶುರುವಾಗಿ ಯಾವ ಕಾಲವಾಯಿತೋ, ಆಕೆ ಮಾತ್ರ ದಿನಾ ಬೆಳಗ್ಗೆ ಬಿಳಿ ತಲೆವಸ್ತ್ರ ಬಿಗಿದುಕೊಂಡು ಬಂದು ತನ್ನ ಕುರ್ಚಿಯಲ್ಲಿ ಕೂರುತ್ತಿದ್ದರು. ಏಜೆ ಎಂದರೆ ಅಕ್ಕ, ಅಗಾಯ್ ಎಂದರೆ ಮೇಷ್ಟ್ರು. ಆ ಊರಲ್ಲಿ ಅರ್ಧಕ್ಕರ್ಧ ಜನ ಆಕೆಯ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರಾದ್ದರಿಂದ, 'ಏಜೆ, ಇನ್ನು ಸಾಕು ಮಾಡಿ' ಎನ್ನುವ ಎದೆ ಯಾರಿಗೂ ಇರಲಿಲ್ಲ. ಶಾಲೆಯ ನಿರ್ದೇಶಕ ಇಶೆನ್‌ಬೆಕ್ ಅಗಾಯ್ ಪ್ರತಿ ವಸಂತದಲ್ಲೂ ಆ ಮಾತು ಎತ್ತಬೇಕೆಂದು ಹೋಗಿ, ಆಕೆಯ ಮೊಣಕಾಲಿನ ಕ್ಷೇಮ ವಿಚಾರಿಸಿ ವಾಪಸು ಬರುತ್ತಿದ್ದರು. ಅವರೂ ಆಕೆಯ ಶಿಷ್ಯರೇ.

ಹಾಗಾಗಿ ಉಪಾಧ್ಯಾಯರ ಕೋಣೆಯೆಂಬ ಆ ಮನೆಗೆ ಸಾಯ್ರಾಗುಲ್ ಹದಿನೈದು ವರ್ಷದಿಂದ ಸೊಸೆ. ಬಾಗಿಲಿಗೆ ಎದುರಾದ ಮೇಲಿನ ಜಾಗ ಹಿರಿಯರದು, ಬಾಗಿಲ ಪಕ್ಕದ್ದು ಕಿರಿಯರದು. ಕಿರಿಯರ ಪಕ್ಕದಲ್ಲೇ ಸಮೋವಾರ್, ಚಹಾಕ್ಕೆ ನೀರು ಕುದಿಸುವ ಹಂಡೆ. ಚಹಾ ಸುರಿಯುವುದೇನು ಮಹಾ ಎನ್ನುವವರು ಒಂದು ವಾರ ಸುರಿದು ನೋಡಲಿ. ಬಟ್ಟಲಿಗೆ ಅರ್ಧಕ್ಕಿಂತ ಹೆಚ್ಚು ಹಾಕುವಂತಿಲ್ಲ. ಅರ್ಧ ಬಟ್ಟಲೆಂದರೆ 'ಕೂತಿರಿ, ಏನವಸರ, ಇನ್ನೂ ಕೊಡ್ತೀನಿ' ಎಂಬ ಮರ್ಯಾದೆ. ತುಂಬಿ ಕೊಟ್ಟರೆ 'ಕುಡಿದು ಎದ್ದು ಹೋಗಿ' ಎಂದ ಹಾಗೆ. ಒಂದು ತುಂಬಿದ ಬಟ್ಟಲಿನಿಂದ ಮುರಿದುಬಿದ್ದ ಬೀಗತನಗಳ ಕತೆ ಸಾರಿ-ಬೆಲ್‌ನ ಯಾವ ಮುದುಕಿಯನ್ನು ಕೇಳಿದರೂ ಸಿಗುತ್ತದೆ. ಅದಕ್ಕೇ ಅರ್ಧ ಅರ್ಧ ಸುರಿ, ಖಾಲಿಯಾದ ಕೂಡಲೇ ಮತ್ತೆ ಸುರಿ, ಬಲಗೈಯಲ್ಲಿ ಕೊಡು, ಎಡಗೈ ಎದೆಯ ಮೇಲಿರಲಿ. ಸುತ್ತು ಮುಗಿದು ತನ್ನ ಬಟ್ಟಲಿಗೆ ಕೈ ಹಾಕುವ ಹೊತ್ತಿಗೆ ಅದರ ಮೇಲೆ ಕೆನೆ ಕಟ್ಟಿ, ಆಚೆ ಗಂಟೆ ಬಾರಿಸುತ್ತಿತ್ತು. ಆ ಕೋಣೆಯಲ್ಲಿ ಸಾಯ್ರಾಗುಲ್ ಬಿಸಿ ಚಹಾ ಕುಡಿದವಳೇ ಅಲ್ಲ.

ಆಕೆ ದಣಿದಿದ್ದಳು. ಸುಮ್ಮನೆ ನಿದ್ದೆಗೆಟ್ಟ ದಣಿವಲ್ಲ ಅದು. ಬೆಳಗ್ಗೆ ಬೂಟಿನ ದಾರ ಕಟ್ಟಲು ಬಗ್ಗಿದವಳು ಹಾಗೇ ಬಗ್ಗಿಕೊಂಡು, ಇನ್ನೊಂದು ಕಾಲಿಗೂ ಬೂಟು ಹಾಕಬೇಕಲ್ಲ ಎಂದು ಅಳು ಬರಿಸಿಕೊಳ್ಳುವಂಥ ದಣಿವು. ರಾಜಧಾನಿ ಬಿಷ್ಕೆಕ್‌ನ ಹೊಲಿಗೆ ಕಾರ್ಖಾನೆಯಲ್ಲಿದ್ದ ಚಿಕ್ಕಮ್ಮನ ಮಗಳು ನಸಿಪಾ ಫೋನಿನಲ್ಲಿ ತಲೆ ತಿನ್ನುತ್ತಿದ್ದಳು: "ಬಂದ್ಬಿಡೇ ಇಲ್ಲಿಗೆ. ಸೂಜಿ ಅಪ್ಪ-ಅಮ್ಮನ್ನ ಕರ್ಕೊಂಡು ಜಗಳಕ್ಕೆ ಬರಲ್ಲ. ಏಳು ಗಂಟೆಗೆ ಮಿಷನ್ ನಿಲ್ಸಿದ್ರೆ ನಿಲ್ತು. ನಿಮ್ಮ ಮಕ್ಕಳನ್ನ ನಿಲ್ಸಕ್ಕಾಗತ್ತಾ?" ಸಾಯ್ರಾಗುಲ್‌ಗೆ ಹೋಗುವ ಮನಸ್ಸಿರಲಿಲ್ಲ. ಭಿನ್ನರಾಶಿ ತಲೆಗೆ ಹೋದ ಕ್ಷಣದಲ್ಲಿ ಮಗುವಿನ ಮುಖ ಅರಳುತ್ತದಲ್ಲ, ಅದನ್ನು ನೋಡುವ ಚಟ ಆಕೆಗೆ. ಆದರೆ ಈಚೆಗೆ ಆ ಮುಖ ಅರಳಿದಾಗಲೂ ಆಕೆಗೆ ಏನೂ ಅನ್ನಿಸುತ್ತಿರಲಿಲ್ಲ, ಅದೇ ಹೆದರಿಕೆಯಾಗಿತ್ತು. ಒಂದಿಷ್ಟು ದಿನ ಮಲಗಲು ಸಿಕ್ಕರೆ ಸರಿಹೋದೀತು, ಇಲ್ಲದಿದ್ದರೆ ವಸಂತದ ರಜೆ ಬಂದ ಕೂಡಲೇ ಹೊಲಿಗೆಗೆ ಹೊರಡುವುದೇ ಎಂದು ತೀರ್ಮಾನಿಸಿಕೊಂಡಿದ್ದಳು.

ಅಂಥ ಹೊತ್ತಿಗೆ ಎಲ್ದಿಯಾರ್ ಬಂದ.

ಎಲ್ದಿಯಾರ್ ಬಿಷ್ಕೆಕ್‌ನ ಮನಶ್ಶಾಸ್ತ್ರಜ್ಞ, ಇಪ್ಪತ್ತಾರರ ಹುಡುಗ. ತೆಳ್ಳಗಿನ ಷೂ ಹಾಕಿಕೊಂಡು ಕಣಿವೆ ದಾಟಿ ಬಂದಿದ್ದ. ಉಪಾಧ್ಯಾಯರು ವೃತ್ತಿಯಲ್ಲಿ ಎಷ್ಟು ಬೆಂದು ಬೂದಿಯಾಗಿದ್ದಾರೆ ಎಂದು ಅಳೆಯುವುದು ಅವನ ಕೆಲಸ. ಈ ಮಾತು ಕೇಳಿ ವ್ಯಾಯಾಮದ ಮಾಮತ್‌ಕುಲ್ ಅಗಾಯ್, "ಬೇಯೋದೆಲ್ಲಿ ಬಂತಪ್ಪ, ಕಲ್ಲಿದ್ದಲೇ ಬಂದಿಲ್ಲ ಈ ತಿಂಗಳು" ಎಂದರು. ಎಲ್ಲರೂ ನಕ್ಕರು. ಎಲ್ದಿಯಾರ್ ನಗದೆ ಇಪ್ಪತ್ತು ಪ್ರಶ್ನೆಗಳ ಹಾಳೆ ಹಂಚಿದ.

"ಒಂದೊಂದು ಪ್ರಶ್ನೆಗೂ ಸೊನ್ನೆಯಿಂದ ಆರರವರೆಗೆ ಅಂಕ ಕೊಡಿ. ಸೊನ್ನೆ ಅಂದ್ರೆ ಹಾಗನ್ನಿಸೋದೇ ಇಲ್ಲ, ಆರು ಅಂದ್ರೆ ದಿನಾ ಹಾಗನ್ಸುತ್ತೆ. ಹೆಸರು ಬರೀಬೇಡಿ, ವಯಸ್ಸು ಸಾಕು."

"ಹೆಸರಿಲ್ಲದ ಹಾಳೆಗೆ ನಾವು ಸೊನ್ನೆ ಕೊಡ್ತೀವಿ," ಎಂದರು ಉಪನಿರ್ದೇಶಕಿ ಜೂರಾಕಾನ್ ಏಜೆ. ಎಲ್ಲರೂ ಮುದ್ದಾದ ಅಕ್ಷರದಲ್ಲಿ ಮೊದಲು ಹೆಸರು ಬರೆದರು.

"ಇನ್ನೊಂದು ವಿಷಯ. ಯಾರ ಅಂಕ ಎಲ್ಲಕ್ಕಿಂತ ಜಾಸ್ತಿ ಬರುತ್ತೋ ಅವರಿಗೆ ಸರೋವರದ ಹತ್ರ ವಿಶ್ರಾಂತಿಧಾಮದಲ್ಲಿ ಹತ್ತು ದಿನ. ಊಟ, ವಸತಿ, ಬಿಸಿ ಮಣ್ಣಿನ ಸ್ನಾನ. ಈ ತಿಂಗಳೇ."

ಸಾಯ್ರಾಗುಲ್ ಚಹಾ ಸುರಿಯುವುದನ್ನು ನಿಲ್ಲಿಸಿದಳು. ಬಿಸಿ ಮಣ್ಣು, ಊಟ ಆಕೆಗೆ ಕೇಳಿಸಲೇ ಇಲ್ಲ. ಕೇಳಿಸಿದ್ದು ಹತ್ತು ದಿನ ಎಂಬುದು. ಇಪ್ಪತ್ತು ಪ್ರಶ್ನೆ, ಒಂದೊಂದಕ್ಕೆ ಆರು, ಒಟ್ಟು ನೂರಿಪ್ಪತ್ತು. ಸುಳ್ಳು ಹೇಳುವುದೇ ಬೇಡ, ಇದ್ದದ್ದು ಇದ್ದ ಹಾಗೆ ಬರೆದರೆ ನೂರು ದಾಟುತ್ತದೆ ಎಂದು ಒಂದನೇ ಸಾಲು ಓದುವಾಗಲೇ ಗೊತ್ತಾಯಿತು.

ಆದರೆ ನಿರ್ದೇಶಕರು ಹಾಳೆಗಳನ್ನು ಕೈಯಿಂದ ಪಕ್ಕಕ್ಕೆ ಸರಿಸಿದರು. "ಖಾಲಿ ಹೊಟ್ಟೇಲಿ ಯಾವ ಅಳತೆ? ಅತಿಥಿ ಬಂದಿದಾನೆ, ಕುರಿ ಬೇಯ್ತಾ ಇದೆ. ಮೊದಲು ಊಟ."

ಈ ಊಟವೇ ಎಲ್ಲ ಕೆಡಿಸಿದ್ದು. ಕುರಿ ಎಂದರೆ ಬರೀ ಮಾಂಸವಲ್ಲ, ಅದು ಕೂತವರ ವಂಶಾವಳಿ. ಯಾವ ಎಲುಬು ಯಾರ ತಟ್ಟೆಗೆ ಎಂಬುದು ವಯಸ್ಸಿನ ಲೆಕ್ಕ, ಅದು ತಪ್ಪಿದರೆ ಏಳು ತಲೆಮಾರು ಮಾತಾಡಿಕೊಳ್ಳುತ್ತದೆ. ಬಾಲದ ಕೊಬ್ಬು ಹತ್ತಿದ ಮೂಳೆ ಟೊಕ್ಟೊಕಾನ್ ಏಜೆಗೆ ಹೋಯಿತು. ಸೊಂಟದ ಎಲುಬು ನಿರ್ದೇಶಕರಿಗೆ, ತೊಡೆಯದು ಮಾಮತ್‌ಕುಲ್ ಅಗಾಯ್‌ಗೆ, ಹೀಗೆ ಇಳಿಯುತ್ತ ಇಳಿಯುತ್ತ ಬೆನ್ನುಮೂಳೆಯ ಚೂರುಗಳವರೆಗೆ ಬಂತು. ಬೇಯಿಸಿದ ತಲೆ ಅತಿಥಿಯ ಮುಂದೆ ಕೂತಿತು. ಅತಿಥಿ ಅದರ ಕಿವಿ ಕೊಯ್ದು ಎಲ್ಲರಿಗಿಂತ ಚಿಕ್ಕವರಿಗೆ ಕೊಡಬೇಕು, ಹಿರಿಯರ ಮಾತು ಚೆನ್ನಾಗಿ ಕೇಳಿಸಲಿ ಎಂದು. ಎಲ್ದಿಯಾರ್ ಕಿವಿ ಹಿಡಿದುಕೊಂಡು ಯಾವುದಾದರೂ ಮಗು ಕಾಣುತ್ತದೇನೋ ಎಂದು ಸುತ್ತ ನೋಡಿದ. ಎಲ್ಲರ ಗದ್ದಗಳೂ ಬಾಗಿಲ ಕಡೆ ತಿರುಗಿದವು. ತನಗಿಂತ ಹನ್ನೆರಡು ವರ್ಷ ದೊಡ್ಡವಳಾದ ಹೆಂಗಸಿಗೆ ಅವನು ಕೆಂಪೇರಿದ ಮುಖದಲ್ಲಿ ಕುರಿಯ ಕಿವಿ ಕೊಟ್ಟ. ಸಾಯ್ರಾಗುಲ್ ರೂಢಿಯಂತೆ ತಿಂದಳು. ಹದಿನೈದು ವರ್ಷದಲ್ಲಿ ಅಷ್ಟು ಕಿವಿ ತಿಂದವಳು ಯಾರ ಮಾತನ್ನು ತಾನೇ ಕೇಳದೆ ಇದ್ದಾಳು?

ತಟ್ಟೆ ಎತ್ತಿದ ಮೇಲೆ ಹಾಳೆಗಳು ವಾಪಸು ಬಂದವು. ಯಾರೂ ಪೆನ್ನು ಎತ್ತಲಿಲ್ಲ. ಹಿರಿಯರು ಕೈಯಿಡದ ತಟ್ಟೆಗೆ ಕಿರಿಯರು ಕೈಯಿಡುವುದುಂಟೇ? ಎಲ್ಲರೂ ಮೇಲಿನ ಜಾಗದ ಕಡೆ ನೋಡುತ್ತ ಕೂತರು. ಟೊಕ್ಟೊಕಾನ್ ಏಜೆ ಕನ್ನಡಕ ಏರಿಸಿ, ತರಗತಿಯಲ್ಲಿ ಓದುವ ಹಾಗೆ ಜೋರಾಗಿ ಓದಿದರು:

"ಗಂಟೆ ಸದ್ದು ಕೇಳಿದ್ರೆ ಎದ್ದು ಓಡಿ ಹೋಗ್ಬೇಕು ಅನ್ನಿಸುತ್ತದೆಯೇ? ಓಡೋದಾ? ನನ್ನ ಮೊಣಕಾಲಲ್ಲಾ? ಇರಲಿ, ಆರು."

"ಏಜೆ, ಮನಸ್ಸಲ್ಲೇ ಓದ್ಕೊಳ್ಳಿ, ಇದು ಗುಟ್ಟು," ಎಂದ ಎಲ್ದಿಯಾರ್.

"ಗುಟ್ಟೇನೋ ಮಗ, ನಾನು ಇವರೆಲ್ಲರ ಮೂಗು ಒರೆಸಿದೋಳು. ಎರಡನೇದು. ಸಂಜೆ ಮನೆಯವರ ಜೊತೆ ಮಾತಾಡಲೂ ಬೇಸರವೇ? ಮನೇಲಿ ಒಂಬತ್ತು ಜನ ಮೊಮ್ಮಕ್ಕಳು, ಮಾತಾಡಕ್ಕೆ ಯಾರು ಬಿಡ್ತಾರೆ? ಆರು."

ಆಕೆಗೆ ದಣಿವಿನ ಗಂಧಗಾಳಿಯೂ ಇರಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ತರಗತಿಯಲ್ಲಿ ಮಕ್ಕಳಿಗೆ ನಕ್ಷೆ ಬಿಡಿಸಲು ಹೇಳಿ, ಒಲೆಯ ಪಕ್ಕ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು. ಆದರೆ ಹಿರಿಯರಿಗೆ ಐದು ಕೊಡುವುದೆಂದರೆ ಬಾಲದ ಮೂಳೆ ಕಸಿದು ಪಕ್ಕೆಲುಬು ಕೊಟ್ಟ ಹಾಗೆ. ಆರಕ್ಕಿಂತ ಮೇಲೆ ಇದ್ದಿದ್ದರೆ ಅದನ್ನೂ ಕೊಡಬೇಕಾಗುತ್ತಿತ್ತು. ಆಕೆ ಇಪ್ಪತ್ತಕ್ಕೆ ಇಪ್ಪತ್ತೂ ಆರು ಬರೆದು ಮುಗಿಸಿದ ಮೇಲೆ ನಿರ್ದೇಶಕರು ಗೌರವದಿಂದ ಒಂದೆರಡು ಕಡೆ ಐದು ಬರೆದರು. ಮಾಮತ್‌ಕುಲ್ ಅಗಾಯ್ ನಿರ್ದೇಶಕರ ಹಾಳೆಯ ಕಡೆ ಕಣ್ಣು ಹಾಯಿಸಿ ಇನ್ನೂ ನಾಲ್ಕು ಅಂಕ ಇಳಿಸಿದರು. ಪರೀಕ್ಷೆಯಲ್ಲಿ ಮಗ್ಗುಲ ಹಾಳೆ ನೋಡಿದ ಮಕ್ಕಳನ್ನು ಹೊರಗೆ ನಿಲ್ಲಿಸುವ ಆ ಮಹನೀಯರೆಲ್ಲ ಅಂದು ಕತ್ತು ನೋಯುವಷ್ಟು ಮಗ್ಗುಲು ನೋಡಿದರು. ಕೂತ ಸಾಲಿನಲ್ಲಿ ದಣಿವು ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು.

ಸಾಯ್ರಾಗುಲ್ ಮಾತ್ರ ಚಹಾ ಸುರಿಯುವ ನಡುವೆ ಕದ್ದು ಕದ್ದು ನಿಜ ಬರೆಯುತ್ತಿದ್ದಳು. ಆರು. ಆರು. ಐದು. 'ನಿಮ್ಮ ದಣಿವು ಬೇರೆಯವರ ಕಣ್ಣಿಗೆ ಬೀಳುವುದೇ ಇಲ್ಲ ಎನ್ನಿಸುತ್ತದೆಯೇ?' ಆರು. ಅಷ್ಟರಲ್ಲಿ ಬಟ್ಟಲು ಚಾಚಲು ಬಗ್ಗಿದ ಜೂರಾಕಾನ್ ಏಜೆ ನೋಡಿಬಿಟ್ಟರು.

"ಅಯ್ಯೋ, ಏನಮ್ಮಾ ಇದು! ಟೊಕ್ಟೊಕಾನ್ ಏಜೆಗೂ ಆರು, ನಿನಗೂ ಆರಾ?"

"ಇರೋದನ್ನೇ ಬರ್ದೆ ಏಜೆ..."

"ಇರೋದು? ನನಗೆ ಐವತ್ತೇಳು, ನಾನೇ ನಾಲ್ಕು ಬರ್ದಿದೀನಿ. ನೀನಿನ್ನೂ ಚಿಕ್ಕೋಳು, ನಿನಗೆಂಥ ದಣಿವು? ನಿನ್ನ ವಯಸ್ಸಲ್ಲಿ ನಾನು ಹಿಮ ತೋಡಿ, ಹಸು ಕರೆದು, ಆಮೇಲೆ ಪಾಠಕ್ಕೆ ಬರ್ತಿದ್ದೆ."

ಟೊಕ್ಟೊಕಾನ್ ಏಜೆ ಕನ್ನಡಕದ ಮೇಲಿಂದ ಒಮ್ಮೆ ನೋಡಿದರು, ಅಷ್ಟೇ. ಅಷ್ಟು ಸಾಕಾಯಿತು. ಸಾಯ್ರಾಗುಲ್‌ಳ ಕಿವಿ ಬಿಸಿಯಾದವು. ಪೆನ್ಸಿಲಿನಲ್ಲಿ ಬರೆದಿದ್ದಳು, ರಬ್ಬರು ಸದಾ ಜೇಬಿನಲ್ಲಿರುತ್ತಿತ್ತು. ಉಜ್ಜಿದಳು. ಗಣಿತದವಳಲ್ಲವೇ, ಇಳಿಯುತ್ತ ಬಂದ ಸಾಲಿನ ಕೊನೆಯ ಸಂಖ್ಯೆ ಎಷ್ಟಿರಬೇಕೆಂದು ಹೇಳಿಕೊಡಬೇಕಾಗಿರಲಿಲ್ಲ. ಇಪ್ಪತ್ತು ಕಡೆ ಒಂದು ಬರೆದು ಹಾಳೆ ಕೊಟ್ಟಳು. ಕೊಟ್ಟಾದ ಮೇಲೆ ತನ್ನ ಮೇಲೆಯೇ ಸಿಟ್ಟು ಬಂತು, ಆ ಸಿಟ್ಟು ತೋರಿಸಲೂ ತ್ರಾಣವಿರಲಿಲ್ಲ.

ಎಲ್ದಿಯಾರ್ ಅಲ್ಲೇ ಲ್ಯಾಪ್‌ಟಾಪ್ ತೆಗೆದು ಅಂಕ ಕೂಡಿಸಿದ. ಕೂಡಿಸಿ ಕಣ್ಣುಜ್ಜಿಕೊಂಡ.

"ವಯಸ್ಸು ಏರಿದ ಹಾಗೆ ದಣಿವೂ ಏರಿದೆ. ಒಂದೇ ಒಂದು ಅಂಕ ಆಚೆ ಈಚೆ ಇಲ್ಲ. ಇಂಥದ್ದನ್ನ ನಾನು ಎಲ್ಲೂ ನೋಡಿಲ್ಲ."

"ನಮ್ಮ ಶಾಲೇಲಿ ಶಿಸ್ತಿದೆ," ಎಂದರು ನಿರ್ದೇಶಕರು ಹೆಮ್ಮೆಯಿಂದ.

"ಮತ್ತೆ ಈ ಸಾಯ್ರಾಗುಲ್ ಏಜೆ... ಇವರು ದಣಿದೇ ಇಲ್ಲ."

"ಎಳೇ ಕುದುರೆ ಅದು," ಎಂದು ಜೂರಾಕಾನ್ ಏಜೆ ಆಕೆಯ ಬೆನ್ನು ತಟ್ಟಿದರು. ತಟ್ಟಿದ ಕೈಯಲ್ಲೇ ಮುಂದಿನ ಹೊರೆಯನ್ನೂ ಹೇರಿದರು. ಟೊಕ್ಟೊಕಾನ್ ಏಜೆ ಹತ್ತು ದಿನ ಸರೋವರಕ್ಕೆ ಹೋಗುತ್ತಾರೆ, ಭೂಗೋಳ ಯಾರು ನೋಡಿಕೊಳ್ಳಬೇಕು? ವಿಜ್ಞಾನದ ಪ್ರಕಾರವೇ ದಣಿಯದವಳು ಇರುವಾಗ ಯೋಚನೆ ಏಕೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಎತ್ತಿಗೆ ಜ್ವರವೂ ಇರಲಿಲ್ಲ.

ಆ ರಾತ್ರಿ ಸಾಯ್ರಾಗುಲ್ ನಸಿಪಾಗೆ ಫೋನು ಮಾಡಿ, "ರಜೆ ಶುರುವಾದ ದಿನವೇ ಬರ್ತೀನಿ, ಒಂದು ಮಿಷನ್ ಹಿಡಿದಿಟ್ಟಿರು" ಎಂದಳು.

ಟೊಕ್ಟೊಕಾನ್ ಏಜೆ ಹೊರಟ ದಿನ ಅರ್ಧ ಊರು ಮಿನಿಬಸ್ಸಿನ ಹತ್ತಿರ ನೆರೆದಿತ್ತು. ಒಂಬತ್ತು ಮೊಮ್ಮಕ್ಕಳೂ ಗೊಳೋ ಎಂದವು. ಬಸ್ಸು ತಿರುವು ದಾಟಿದ ಮೇಲೆ ಸಾಯ್ರಾಗುಲ್ ಭೂಗೋಳದ ತರಗತಿಗೆ ಹೋದಳು. ಗೋಡೆಯ ನಕ್ಷೆಯ ಮೇಲೆ ಇನ್ನೂ ಸೋವಿಯತ್ ಒಕ್ಕೂಟ ಕೆಂಪಗೆ ಹರಡಿಕೊಂಡಿತ್ತು. ಆ ದೇಶ ಹೋಗಿ ಒಂದು ತಲೆಮಾರೇ ಕಳೆದಿದ್ದರೂ, ನಕ್ಷೆ ಇಳಿಸಲು ಕುರ್ಚಿ ಹತ್ತಬೇಕಿತ್ತು, ಏಜೆಯ ಮೊಣಕಾಲು ಬಿಟ್ಟಿರಲಿಲ್ಲ. ಸಾಯ್ರಾಗುಲ್ ಕುರ್ಚಿ ಹತ್ತಿ ಅದನ್ನು ಇಳಿಸಿದಳು. ಹೊಸ ನಕ್ಷೆ ಇರಲಿಲ್ಲ. ಹಳೆಯ ಕಾಗದದ ಹಿಂಬದಿಯಲ್ಲಿ ಮಕ್ಕಳ ಕೈಯಲ್ಲೇ ತಮ್ಮ ದೇಶ ಬಿಡಿಸಿದಳು: ಬೆಟ್ಟ, ನದಿ, ಸರೋವರ, ಸಾರಿ-ಬೆಲ್‌ಗೆ ಒಂದು ಚುಕ್ಕೆ. ಟೊಕ್ಟೊಕಾನ್ ಏಜೆಯ ಮೊಮ್ಮಗನೊಬ್ಬ ಆ ತರಗತಿಯಲ್ಲೇ ಇದ್ದ. "ನಮ್ಮ ನೀರು ಸಮುದ್ರಕ್ಕೆ ಹೋಗಿ ಸೇರಲ್ವಾ ಏಜೆ?" ಎಂದ. ಅದು ಎಲ್ಲಿಗೂ ಸೇರದೆ ದಾರಿಯಲ್ಲೇ ಹೊಲಗಳಿಗೆ ಹಂಚಿಹೋಗಿ ಬತ್ತುತ್ತದೆ ಎಂದು ಆಕೆ ನದಿಯ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದಳು.

ಉಳಿದದ್ದನ್ನು ಹೇಳುವುದೇ ಬೇಡ. ಗಣಿತ, ಭೂಗೋಳ, ಹಿಮ, ನೋರುಜ್ ಹಬ್ಬದ ಕುಣಿತ. ಒಂದು ದಿನ ಸೀಮೆಸುಣ್ಣವೆಂದು ಸಕ್ಕರೆ ತುಂಡಿನಲ್ಲಿ ಬೋರ್ಡಿನ ಮೇಲೆ ಬರೆಯಲು ಹೋದಳು. ಇನ್ನೊಂದು ದಿನ ಮನೆಯಲ್ಲಿ ಗಂಡ ಉಪ್ಪು ಕೇಳಿದರೆ "ಕೈ ಎತ್ತಿ ಕೇಳು" ಎಂದಳು. ಅವನು ಪಾಪ, ಎತ್ತಿದ.

ಟೊಕ್ಟೊಕಾನ್ ಏಜೆ ವಾಪಸು ಬಂದ ದಿನ ಉಪಾಧ್ಯಾಯರ ಕೋಣೆಯಲ್ಲಿ ದೊಡ್ಡ ಚಹಾ. ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆಗಳು, ಜಾಮು, ಕೆನೆ, ಸಮೋವಾರಿನ ಹಬೆ. ವಿಶ್ರಾಂತಿಯಿಂದ ಏನಾಯಿತೆಂದು ಎರಡನೇ ಸಲ ಅಳೆಯಲು ಎಲ್ದಿಯಾರ್ ಕೂಡ ಬಂದಿದ್ದ, ಈ ಸಲ ದಪ್ಪ ಬೂಟು ಹಾಕಿಕೊಂಡು. ಏಜೆಯ ಕೆನ್ನೆ ಕೆಂಪಗೆ ಮಿರುಗುತ್ತಿತ್ತು. ಮೇಲಿನ ಜಾಗದಲ್ಲಿ ಕೂತು ಬಿಸಿ ಮಣ್ಣಿನ ವರ್ಣನೆ ಶುರು ಮಾಡಿದರು. ಕುತ್ತಿಗೆಯವರೆಗೆ ಮಣ್ಣು ಮೆತ್ತುತ್ತಾರಂತೆ, ಆಮೇಲೆ ಹೆಣದ ಹಾಗೆ ಬಟ್ಟೆ ಸುತ್ತುತ್ತಾರಂತೆ, ಸುತ್ತಿದ ಮೇಲೆ ನಿದ್ದೆ ಬರುತ್ತದಂತೆ, ಎಂಥ ನಿದ್ದೆ ಎಂದರೆ...

ನಿದ್ದೆ ಎಂಬ ಮಾತು ಆ ಹಬೆಯಲ್ಲಿ ಸಾಯ್ರಾಗುಲ್‌ಳ ಮೇಲೆ ಕಂಬಳಿಯ ಹಾಗೆ ಬಿತ್ತು. ಚಹಾದ ಪಾತ್ರೆ ಬಲಗೈಯಲ್ಲಿತ್ತು, ಎಡಗೈಯಲ್ಲಿ ಟೊಕ್ಟೊಕಾನ್ ಏಜೆಯ ಬಟ್ಟಲು. ಕಣ್ಣು ತೆರೆದೇ ಇತ್ತು ಎಂದು ನೋಡಿದವರು ಹೇಳುತ್ತಾರೆ. ಸುರಿದಳು. ಕಾಲು ಭಾಗವಾಯಿತು, ಅರ್ಧವಾಯಿತು, ಮುಕ್ಕಾಲಾಯಿತು. ಯಾರೋ ಉಸಿರು ಎಳೆದುಕೊಂಡರು. ಅಂಚಿನವರೆಗೆ ತುಂಬಿತು, ಅಂಚಿನ ಮೇಲೆ ಉಬ್ಬಿ ನಿಂತಿತು. ಆಕೆ ಪಾತ್ರೆ ಕೆಳಗಿಟ್ಟು, ಬಟ್ಟಲನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡು, ಎದೆಯ ಮೇಲೆ ಕೈಯಿಟ್ಟು, ಒಂದು ತೊಟ್ಟು ಚೆಲ್ಲದೆ, ಆ ತುಂಬಿದ ಬಟ್ಟಲನ್ನು ಶಾಲೆಯ ಅತಿ ಹಿರಿಯ ಉಪಾಧ್ಯಾಯಿನಿಯ ಮುಂದೆ ಚಾಚಿದಳು.

"ಸಾಯ್ರಾಗುಲ್!" ಜೂರಾಕಾನ್ ಏಜೆ ಕಿರುಚಿದರು. "ಏನೇ ಮಾಡ್ದೆ? ಬಂದ ದಿನವೇ ಹೋಗಿ ಅಂತೀಯಾ? ಕಿವಿ ತಿಂದವಳು ತಲೆಗೇ ಬಾಯಿ ಹಾಕ್ತೀಯಾ?"

ಸಾಯ್ರಾಗುಲ್ ಎಚ್ಚೆತ್ತು ಕೈಯ ಬಟ್ಟಲು ನೋಡಿದಳು. ಒಂದು ಕ್ಷಣ ಅದು ಯಾರದೋ ಕೈ ಎನ್ನಿಸಿತು.

"ಬೇಕೂಂತ ಮಾಡ್ಲಿಲ್ಲ ಏಜೆ. ನಿದ್ದೆ ಬಂತು. ನಿಂತಲ್ಲೇ."

"ನಿದ್ದೆ! ನಿನಗೆ? ಆ ಹುಡುಗನ ಲೆಕ್ಕದಲ್ಲಿ ನೀನು ದಣಿಯೋಳೇ ಅಲ್ಲ!"

ಕ್ಷಮೆ ಕೇಳಲು ಸಾಯ್ರಾಗುಲ್ ಬಾಯಿ ತೆರೆದಳು. ಹದಿನೈದು ವರ್ಷದಿಂದ ನಾಲಿಗೆಯ ತುದಿಯಲ್ಲೇ ಇರುತ್ತಿದ್ದ 'ತಪ್ಪಾಯ್ತು ಏಜೆ' ಅಂದು ಬರಲಿಲ್ಲ. ಬಂದದ್ದು ಬೇರೆ.

"ಆ ಲೆಕ್ಕ ಸುಳ್ಳು. ನಾನು ಆರು ಬರ್ದಿದ್ದೆ, ನೀವು ಅಳಿಸೋ ಹಾಗೆ ಮಾಡಿದ್ರಿ. ನಾನೂ ದಣೀತೀನಿ ಜೂರಾಕಾನ್ ಏಜೆ. ಚಿಕ್ಕೋಳು ಚಿಕ್ಕೋಳು ಅಂತ ಹೇಳ್ತಾನೇ ನನ್ನ ತಲೆ ನರೆತು ಹೋಯ್ತು. ಇಲ್ಲಿ ಒಂದು ದಿನಾನಾದ್ರೂ ಬಿಸಿ ಚಹಾ ಕುಡಿದಿದೀನಾ ಕೇಳಿ. ರಜೆ ಬಂದ್ರೆ ನಾನು ಬಿಷ್ಕೆಕ್‌ಗೆ ಹೊಲಿಗೆಗೆ ಹೋಗ್ತಾ ಇದೀನಿ. ಆಮೇಲೆ ಮಾಮತ್‌ಕುಲ್ ಅಗಾಯ್ ಸುರೀಲಿ ಚಹಾನ, ಅವರೇ ನಮ್ಮಲ್ಲಿ ವ್ಯಾಯಾಮದವರು."

ಮಾಮತ್‌ಕುಲ್ ಅಗಾಯ್ ಬಾಯಲ್ಲಿದ್ದ ಉಂಡೆ ನುಂಗಲು ಮರೆತರು. ನಿರ್ದೇಶಕರು ಕಿಟಕಿ ನೋಡಿದರು. ಎಲ್ದಿಯಾರ್ ಮೆಲ್ಲಗೆ ಲ್ಯಾಪ್‌ಟಾಪ್ ಮುಚ್ಚಿದ. ಎಲ್ಲರೂ ಟೊಕ್ಟೊಕಾನ್ ಏಜೆ ಸಿಡಿಯುವುದನ್ನು ಕಾದರು.

ಏಜೆ ಸಿಡಿಯಲಿಲ್ಲ. ಎರಡೂ ಕೈಯಿಂದ ಬಟ್ಟಲು ತೆಗೆದುಕೊಂಡರು. ಊದಿ ಊದಿ, ಅವಸರವಿಲ್ಲದೆ, ತಳದವರೆಗೆ ಕುಡಿದರು. ಬಟ್ಟಲು ಬೋರಲು ಹಾಕಿದರು.

"ಚೆನ್ನಾಗಿತ್ತು," ಎಂದರು. "ನಿಮಗೊಂದು ಮಾತು ಹೇಳ್ಲಾ? ಆ ಮಣ್ಣಲ್ಲಿ ಮಲಗಿದ್ದಾಗ ಡಾಕ್ಟರಮ್ಮ ಕೇಳಿದ್ಲು, ಅಜ್ಜಿ ನಿಮಗೆ ಯಾಕೆ ಇಷ್ಟು ದಣಿವು ಅಂತ. ನನಗೆ ನಗು ಬಂತು. ನನಗೆಂಥ ದಣಿವು? ಮನೇಲಿ ಮೊಮ್ಮಕ್ಕಳ ಗಲಾಟೆ ತಡೀಲಾರ್ದೆ ಸ್ಕೂಲಿಗೆ ಬಂದು ಒಲೆ ಪಕ್ಕ ಮಲಗೋಳು ನಾನು. ನಿನ್ನೆ ಮನೆಗೆ ಬಂದ್ರೆ ಮೊಮ್ಮಗ ಹಿಟ್ಟಿನ ಮೇಲೆ ಬೆರಳಲ್ಲಿ ದೇಶ ಬಿಡಿಸ್ತಾ ಇದಾನೆ. ಅಜ್ಜಿ, ನಮ್ಮ ನೀರು ಸಮುದ್ರಕ್ಕೆ ಹೋಗಲ್ಲ, ನಿಮಗೆ ಗೊತ್ತಾ ಅಂದ. ಮೂರು ವರ್ಷದಿಂದ ಅವನು ನನ್ನ ಕ್ಲಾಸಲ್ಲೇ ಇದಾನೆ."

ಏಜೆ ನಿರ್ದೇಶಕರ ಕಡೆ ತಿರುಗಿದರು.

"ಇಶೆನ್‌ಬೆಕ್, ನೀನು ಎಷ್ಟು ವರ್ಷದಿಂದ ನನ್ನ ಮೊಣಕಾಲು ವಿಚಾರಿಸ್ತಿದೀಯ? ನನಗೇನು ಗೊತ್ತಾಗ್ತಿರ್ಲಿಲ್ವಾ? ನೀವೆಲ್ಲ ಅರ್ಧ ಬಟ್ಟಲು ಕೊಡ್ತಾನೇ ಹೋದ್ರಿ, ನಾನು ಕೂತ್ಕೊಂಡೇ ಇದ್ದೆ. ತುಂಬ್ಸಿ ಕೊಡೋ ಎದೆ ಇವಳೊಬ್ಬಳಿಗೆ ಬಂತು, ಅದೂ ನಿದ್ದೇಲಿ." ಏಜೆ ಮೊಣಕಾಲು ಹಿಡಿದು ಎದ್ದರು. "ತುಂಬಿದ ಬಟ್ಟಲು ಕುಡಿದ ಮೇಲೆ ಕೂತಿರಬಾರದು."

"ಏಜೆ, ಏಜೆ, ನಿದ್ದೆಗಣ್ಣಲ್ಲಿ ಆಗಿದ್ದು," ಎಂದು ಸಾಯ್ರಾಗುಲ್ ಅಳುತ್ತ ತೋಳು ಹಿಡಿದಳು. ತಾನು ಏನು ಮಾಡಿಬಿಟ್ಟೆ ಎಂದು ಆಕೆಗೆ ನಿಜಕ್ಕೂ ಸಂಕಟವಾಗಿತ್ತು.

"ಎಚ್ಚರದಲ್ಲಿದ್ದಿದ್ರೆ ನೀನು ಸುರೀತಾ ಇರ್ಲಿಲ್ಲ ಬಿಡು. ಏ ಹುಡುಗ, ನನ್ನ ಅಂಕ ಎಷ್ಟಿತ್ತು?"

"ನೂರಿಪ್ಪತ್ತು, ಏಜೆ."

"ಅದನ್ನ ಇವಳಿಗೆ ಹಾಕು."

"ಅಂಕಗಳನ್ನ ಹಾಗೆ ಬೇರೆಯವರಿಗೆ ಕೊಡಕ್ಕೆ ಬರಲ್ಲ..."

"ನನ್ನ ಪಾಲಿನ ಎಲುಬು ನಾನು ಇಷ್ಟ ಬಂದವರಿಗೆ ದಾಟಿಸಬಹುದು. ಹಿರಿಯರು ದಾಟಿಸಿದ್ದನ್ನ ಕಿರಿಯರು ಬೇಡ ಅನ್ನೋ ಹಾಗಿಲ್ಲ, ನಡುವೆ ಬರೋಕೆ ನೀನ್ಯಾರು? ನಿಮ್ಮಪ್ಪ-ಅಮ್ಮ ನಿನಗೆ ಊಟ ಮಾಡೋದು ಕಲಿಸಿಲ್ವಾ?"

ಎಲ್ದಿಯಾರ್ ಲ್ಯಾಪ್‌ಟಾಪ್ ತೆರೆದ. ಆ ವರ್ಷ ಬಿಷ್ಕೆಕ್‌ಗೆ ಹೋದ ಲೆಕ್ಕದಲ್ಲಿ ಸಾರಿ-ಬೆಲ್ ಶಾಲೆಯ ಒಬ್ಬ ಉಪಾಧ್ಯಾಯಿನಿಯ ದಣಿವು ಒಂದೇ ತಿಂಗಳಲ್ಲಿ ಇಪ್ಪತ್ತರಿಂದ ನೂರಿಪ್ಪತ್ತಕ್ಕೆ ಜಿಗಿದಿದ್ದು ಹೇಗೆಂದು ಅವನ ಮೇಲಿನವರು ಬಹಳ ಕೇಳಿದರಂತೆ. ಅವನು ಊಟದ ಕ್ರಮ ವಿವರಿಸಲು ಹೋಗಿ ಬೈಸಿಕೊಂಡನಂತೆ.

ಟೊಕ್ಟೊಕಾನ್ ಏಜೆ ಅಂಗೈಗಳನ್ನು ಮೇಲಕ್ಕೆ ಹಿಡಿದು, ಶಾಲೆ ಚೆನ್ನಾಗಿರಲಿ, ಮಕ್ಕಳು ಬಾಳಲಿ, ಇವಳಿಗೆ ನಿದ್ದೆ ಬರಲಿ ಎಂದು ಹರಸಿದರು. ಎಲ್ಲರೂ "ಓಮಿನ್", ಹಾಗೇ ಆಗಲಿ, ಎಂದು ಮುಖ ಸವರಿಕೊಂಡರು. ಜೂರಾಕಾನ್ ಏಜೆ ಸವರಿಕೊಂಡ ಕೈಯನ್ನು ಬಹಳ ಹೊತ್ತು ಮುಖದಿಂದ ತೆಗೆಯಲಿಲ್ಲ. ನಿರ್ದೇಶಕರು ಸಾಯ್ರಾಗುಲ್‌ಳನ್ನು ಮನೆಗೆ ಕಳಿಸಿದರು. ಶುಕ್ರವಾರ ಮಧ್ಯಾಹ್ನ ಮಲಗಿದವಳು ಭಾನುವಾರ ಎದ್ದಳು. ಎದ್ದು, ನಸಿಪಾಗೆ ಆ ಮಿಷನ್ ಬೇರೆಯವರಿಗೆ ಕೊಟ್ಟುಬಿಡು ಎಂದಳು. ರಜೆಯಲ್ಲಿ ಆ ನೂರಿಪ್ಪತ್ತರ ಬಲದಿಂದ ಸರೋವರದ ವಿಶ್ರಾಂತಿಧಾಮಕ್ಕೂ ಹೋಗಿ ಬಂದಳು. ಬಿಸಿ ಮಣ್ಣಿನ ಬಗ್ಗೆ ಕೇಳಿದರೆ ಆಕೆಗೆ ಏನೂ ಹೇಳಲು ಬರುವುದಿಲ್ಲ, ಮೆತ್ತುವ ಮೊದಲೇ ನಿದ್ದೆ ಹೋಗಿದ್ದಳು.

ಸೆಪ್ಟೆಂಬರಿನಲ್ಲಿ ಭೂಗೋಳಕ್ಕೆ ಹೊಸಬಳು ಬಂದಳು. ಬೆಗಾಯಿಮ್ ಅಂತ, ಇಪ್ಪತ್ತೆರಡು ವರ್ಷ, ಹೊಸದಾಗಿ ಗಂಡನ ಮನೆಗೆ ಬಂದವಳ ಹಾಗೆ ಹೆದರಿಕೊಂಡಿದ್ದಳು. ಮೊದಲ ದಿನವೇ ಸಮೋವಾರಿನ ಪಕ್ಕದ ಬಾಗಿಲ ಜಾಗ ಅವಳದಾಯಿತು. ಸಾಯ್ರಾಗುಲ್ ಒಂದು ಜಾಗ ಮೇಲೆ ಸರಿದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಇನ್ನೊಬ್ಬರ ಕೈಯಿಂದ ಬಂದ ಬಟ್ಟಲು ಎಷ್ಟು ಬಿಸಿ ಇರುತ್ತದೆ ಎಂಬುದೇ ಆಕೆಗೆ ಗೊತ್ತಿರಲಿಲ್ಲ, ತುಟಿ ಸುಟ್ಟುಕೊಂಡಳು. ಸುಖವಾಗಿ ಇನ್ನೊಂದು ಗುಟುಕು ಹೀರಿದಳು.

ಜೂರಾಕಾನ್ ಏಜೆ ಹಿಮ, ಹಬ್ಬ, ಮಕ್ಕಳ ತಲೆ ಎಣಿಕೆ ಎಲ್ಲವನ್ನೂ ಹೊಸಬಳಿಗೆ ಒಪ್ಪಿಸುತ್ತಿದ್ದರು. ಹುಡುಗಿ ಪಾತ್ರೆ ಹಿಡಿದುಕೊಂಡೇ ಪಿಳಿಪಿಳಿ ನೋಡುತ್ತ, "ಇಷ್ಟೆಲ್ಲ ಮಾಡಿ ಪಾಠಕ್ಕೆ ಶಕ್ತಿ ಇರುತ್ತಾ ಏಜೆ?" ಎಂದಳು.

"ನೀನಿನ್ನೂ ಚಿಕ್ಕೋಳು, ನಿನಗೆಂಥ ದಣಿವು?"

ಹೇಳಿದ್ದು ಜೂರಾಕಾನ್ ಏಜೆ ಅಲ್ಲ. ಅವರು ಆಶ್ಚರ್ಯದಿಂದ ಸಾಯ್ರಾಗುಲ್‌ಳ ಕಡೆ ತಿರುಗಿದರು. ಇಡೀ ಕೋಣೆ ತಿರುಗಿತು. ಮಾಮತ್‌ಕುಲ್ ಅಗಾಯ್‌ಗೆ ನಗು ತಡೆಯಲಾಗದೆ ಚಹಾ ನೆತ್ತಿಗೇರಿತು.

ಸಾಯ್ರಾಗುಲ್ ಕೈಯ ಬಟ್ಟಲು ಕೆಳಗಿಟ್ಟಳು. ಅವಮಾನದಿಂದ ಕತ್ತಿನವರೆಗೆ ಬಿಸಿಯಾಗಿತ್ತು. ಸಮೋವಾರಿನ ಪಕ್ಕದಲ್ಲಿ ಹುಡುಗಿಯ ಬಟ್ಟಲು ಕಾಣಿಸಿತು, ಅದರ ಮೇಲೆ ಆಗಲೇ ಕೆನೆ ಕಟ್ಟಿತ್ತು.

"ಆ ಪಾತ್ರೆ ಇಲ್ಲಿ ಕೊಡಮ್ಮ," ಎಂದು ಎದ್ದಳು. "ನೀನು ಇಲ್ಲಿ ಕೂತ್ಕೋ. ಇವತ್ತು ನನ್ನ ಸರದಿ, ನಾಳೆ ಮಾಮತ್‌ಕುಲ್ ಅಗಾಯ್ ಅವರದ್ದು."

ಹಳೆಯ ಚಹಾ ಚೆಲ್ಲಿ, ಬಟ್ಟಲು ತೊಳೆದು, ಹೊಸದಾಗಿ ಸುರಿದಳು. ಅರ್ಧ ಬಟ್ಟಲು, ಬಿಸಿಬಿಸಿ. ಎದೆಯ ಮೇಲೆ ಕೈಯಿಟ್ಟುಕೊಂಡು ಹುಡುಗಿಯ ಮುಂದೆ ಚಾಚಿದಳು.